ಯೀಸ್ಟಿನ ಸಾಗಾಟವೂ "ಏನು ಪ್ರಯೋಜನ?" ಎಂಬ ಪ್ರಶ್ನೆಯೂ

ವಿಜ್ಞಾನ ಬೋಧಿಸುವವರೆಲ್ಲರೂ ಎದುರಿಸಲೇಬೇಕಾದ ಪ್ರಶ್ನೆಯೊಂದಿದೆ: "ಇದರಿಂದ ಏನು ಪ್ರಯೋಜನ?" ಮಕ್ಕಳಿಗಿಂತ ಹೆತ್ತವರೇ ಇದನ್ನು ಹೆಚ್ಚಾಗಿ ಕೇಳುತ್ತಾರೆ. ಪ್ರಶ್ನೆ ತಪ್ಪಲ್ಲ, ಉತ್ತರವನ್ನು ಮೊದಲೇ ಕೊಡಬೇಕೆಂಬ ಹಠ ಮಾತ್ರ ತಪ್ಪು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಯೀಸ್ಟನ್ನೇ ಸಾಕ್ಷಿಯಾಗಿ ಕರೆಯುತ್ತೇನೆ.

ಯೀಸ್ಟ್ ನಮ್ಮ ತುಳುನಾಡಿಗೆ ಅಪರಿಚಿತವಲ್ಲ. ಮರದಿಂದ ಇಳಿಸಿದ ಶೇಂದಿ ಹೊತ್ತೇರಿದಂತೆ ನೊರೆಯುಕ್ಕಿಸುವುದು, ಶೇಂದಿ ಬೆರೆಸಿದ ಸನ್ನದ ಹಿಟ್ಟು ಉಬ್ಬುವುದು ಈ ಏಕಕೋಶ ಜೀವಿಯಿಂದಲೇ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾನಿಲಯದ ರ‍್ಯಾಂಡಿ ಶೆಕ್‌ಮನ್ 1970ರ ದಶಕದಲ್ಲಿ ಇದನ್ನೇ ಆರಿಸಿಕೊಂಡು ಒಂದು ಸರಳ ಪ್ರಶ್ನೆ ಕೇಳಿದರು: ಜೀವಕೋಶವು ಒಳಗೆ ತಯಾರಿಸಿದ ಪ್ರೋಟೀನು ಹೊರಗೆ ಹೋಗುವುದು ಹೇಗೆ? ಯೀಸ್ಟಿನಲ್ಲಿ ಅವರಿಗೆ ಅನುಭವವಿಲ್ಲವೆಂದು ಮೊದಲ ಧನಸಹಾಯದ ಅರ್ಜಿಯೊಂದು ತಿರಸ್ಕೃತವಾಯಿತು.

ಅವರೂ ಅವರ ಶಿಷ್ಯ ಪೀಟರ್ ನೋವಿಕ್ ಅವರೂ ಹಿಡಿದ ದಾರಿ ಸೊಗಸಾದುದು. ಸುಮಾರು 25 ಡಿಗ್ರಿ ಉಷ್ಣತೆಯಲ್ಲಿ ಸರಿಯಾಗಿ ಬೆಳೆದು, 37 ಡಿಗ್ರಿಯಲ್ಲಿ ಸಾಗಾಟ ನಿಲ್ಲಿಸುವ ದೋಷಯುಕ್ತ ತಳಿಗಳನ್ನು ಅವರು ಹುಡುಕಿದರು. ತಯಾರಿ ನಡೆಯುತ್ತಲೇ ಇದ್ದು ಹೊರಸಾಗಾಟ ನಿಂತರೆ ಕೋಶದ ಸಾಂದ್ರತೆ ಹೆಚ್ಚುತ್ತದೆ. ಅಂಥ ಕೋಶಗಳು ತಳದತ್ತ ಇಳಿಯುತ್ತವೆ. ಹೀಗೆ ಸೋಸಿ, 1980ರ ವೇಳೆಗೆ ಸಾಗಾಟಕ್ಕೆ ಬೇಕಾದ 23 ವಂಶವಾಹಿಗಳನ್ನು ಗುರುತಿಸಿದರು.

ಬಿ.ಸಿ.ರೋಡಿನವರಿಗೆ ಇದನ್ನು ವಿವರಿಸುವುದು ಸುಲಭ. ಪಾಣೆಮಂಗಳೂರಿನ ಸೇತುವೆಯಲ್ಲಿ ಲಾರಿಯೊಂದು ಕೆಟ್ಟು ನಿಂತರೆ ಮಂಗಳೂರಿನಿಂದ ಬರುವ ವಾಹನಗಳು ಬಿ.ಸಿ.ರೋಡಿನಲ್ಲಿ ಸಾಲುಗಟ್ಟುತ್ತವೆ, ಅತ್ತ ಕಲ್ಲಡ್ಕದ ರಸ್ತೆ ಬರಿದಾಗುತ್ತದೆ. ಸಾಲು ಎಲ್ಲಿದೆ ಎಂಬುದರಿಂದಲೇ ತಡೆ ಎಲ್ಲಿದೆಯೆಂದು ತಿಳಿಯುತ್ತದೆ. ಯೀಸ್ಟಿನಲ್ಲೂ ಹಾಗೆಯೇ. ಕೆಲವು ತಳಿಗಳಲ್ಲಿ ಸರಕು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಲ್ಲೇ ಉಳಿಯಿತು, ಕೆಲವುಗಳಲ್ಲಿ ಗಾಲ್ಗಿಯಲ್ಲಿ, ಇನ್ನು ಕೆಲವುಗಳಲ್ಲಿ ಹೊರಪೊರೆಯನ್ನು ಸೇರಬೇಕಾದ ಪುಟ್ಟ ಚೀಲಗಳಲ್ಲಿ. ನಾನು ಪಾಠ ಮಾಡುತ್ತಿದ್ದ ಕಾಲದಲ್ಲಿ ಗಾಲ್ಗಿಯ ಚಿತ್ರ ಬಿಡಿಸಿ ಹೆಸರು ಬರೆದರೆ ಅಂಕ ದೊರೆಯುತ್ತಿತ್ತು. ಆ ಹೆಸರಿನ ಹಿಂದೆ ಇಷ್ಟು ದೊಡ್ಡ ಸಂಚಾರವಿದೆಯೆಂದು ಪಠ್ಯಪುಸ್ತಕ ಹೇಳುತ್ತಿರಲಿಲ್ಲ.

ಇದೇ ಸಾಗಾಟವನ್ನು ಪ್ರಾಣಿಕೋಶಗಳಲ್ಲಿ ಶೋಧಿಸಿದ ಜೇಮ್ಸ್ ರಾತ್‌ಮನ್, ನರಕೋಶಗಳಲ್ಲಿ ಶೋಧಿಸಿದ ಥಾಮಸ್ ಸುಡಾಫ್ ಅವರೊಡನೆ ಶೆಕ್‌ಮನ್‌ರಿಗೆ 2013ರಲ್ಲಿ ನೊಬೆಲ್ ಪುರಸ್ಕಾರ ಬಂತು. ಯೀಸ್ಟಿಗೂ ಮನುಷ್ಯನಿಗೂ ಈ ವ್ಯವಸ್ಥೆ ಬಹುಮಟ್ಟಿಗೆ ಒಂದೇ ಎಂದು ಸಿದ್ಧವಾಗಿತ್ತು. ನಮ್ಮ ಮೇದೋಜೀರಕ ಗ್ರಂಥಿ ಇನ್ಸುಲಿನ್ನನ್ನು ರಕ್ತಕ್ಕೆ ಬಿಡುವುದೂ ಇಂಥ ಚೀಲಗಳ ಮೂಲಕವೇ.

ಈಗ ಪ್ರಯೋಜನದ ಮಾತು. ಹಿಂದೆ ಇನ್ಸುಲಿನ್ನನ್ನು ಹಂದಿ ಮತ್ತು ದನಗಳ ಗ್ರಂಥಿಯಿಂದ ತೆಗೆಯುತ್ತಿದ್ದರು. ಮಾನವ ವಂಶವಾಹಿಯನ್ನು ಯೀಸ್ಟಿಗೆ ಸೇರಿಸಿ, ಅದೇ ಇನ್ಸುಲಿನ್ನನ್ನು ಹೊರಹಾಕುವಂತೆ ಮಾಡುವ ವಿಧಾನ ನಂತರ ಬಂತು. ನಮ್ಮ ಬೆಂಗಳೂರಿನ ಬಯೋಕಾನ್ ಸಂಸ್ಥೆ 2004ರಲ್ಲಿ ಪಿಕಿಯಾ ಎಂಬ ಯೀಸ್ಟಿನಿಂದ ತಯಾರಿಸಿದ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು. ಸಕ್ಕರೆ ಕಾಯಿಲೆಯವರಿರುವ ಎಷ್ಟೋ ಮನೆಗಳ ಫ್ರಿಜ್ಜಿನಲ್ಲಿ ಇಂದು ಯೀಸ್ಟ್ ದುಡಿದ ಫಲವಿದೆ. ಆದರೆ 1976ರಲ್ಲಿ ಶೆಕ್‌ಮನ್ ಕೆಲಸ ಆರಂಭಿಸಿದಾಗ ಅವರ ಎದುರು ಇದ್ದುದು ಕುತೂಹಲವೇ ಹೊರತು ಔಷಧವಲ್ಲ.

ಬಾಲಕ ಶೆಕ್‌ಮನ್ ಹುಲ್ಲುಹಾಸು ಕತ್ತರಿಸಿ ಕೂಡಿಟ್ಟ ಹಣದಿಂದ ಹಳೆಯ ಸೂಕ್ಷ್ಮದರ್ಶಕವೊಂದನ್ನು ಕೊಂಡು, ಕೊಳದ ನೀರಿನ ಜೀವಿಗಳನ್ನು ನೋಡಿ ಬೆರಗಾಗಿದ್ದರಂತೆ. ನಮ್ಮ ಗದ್ದೆ, ಕೆರೆಗಳ ನೀರೇನೂ ಅದಕ್ಕೆ ಕಡಿಮೆಯದಲ್ಲ. ಆದರೆ ಎಷ್ಟೋ ಶಾಲೆಗಳಲ್ಲಿ ಸೂಕ್ಷ್ಮದರ್ಶಕವು ಕಪಾಟಿನಲ್ಲಿ ಬೀಗದೊಳಗಿದ್ದು, ತನಿಖಾಧಿಕಾರಿಗಳು ಬರುವ ದಿನವಷ್ಟೇ ಹೊರಬರುತ್ತದೆ. ಒಡೆದೀತೆಂಬ ಭಯ ನನಗೂ ಅರ್ಥವಾಗುತ್ತದೆ. ಆದರೂ ಗಾಜು ಒಡೆದರೆ ಇನ್ನೊಂದು ತರಬಹುದು. ಹತ್ತನೆಯ ತರಗತಿ ಮುಗಿಸಿ ಹೋದ ಮಗುವನ್ನು ಮತ್ತೆ ಕರೆತಂದು ತೋರಿಸಲಾಗದು.

ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಅಧ್ಯಾಪಕರಾಗಿದ್ದೀರಿ, ಇನ್ನು ಕೆಲವರು ಶಾಲಾ ಸಮಿತಿಗಳಲ್ಲಿದ್ದೀರಿ. ಈ ವಾರವೇ ಆ ಬೀಗ ತೆಗೆಯಿರಿ. ಬೆಚ್ಚಗಿನ ಸಕ್ಕರೆ ನೀರಿಗೆ ಚಿಟಿಕೆ ಯೀಸ್ಟ್ ಹಾಕಿ, ನೊರೆ ಬಂದ ಮೇಲೆ ಒಂದು ಹನಿಯನ್ನು ಮಕ್ಕಳಿಗೆ ತೋರಿಸಿರಿ. ಏನು ಪ್ರಯೋಜನವೆಂದು ಯಾರಾದರೂ ಕೇಳಿದರೆ ಇನ್ಸುಲಿನ್ನಿನ ಕತೆ ಹೇಳಿರಿ.