‘ನೇರವಾಗಿ’ ಎಂಬ ಒಂದು ಪದ

ಮೊನ್ನೆ ಹತ್ತನೇ ತರಗತಿಯಲ್ಲಿ ಬೆಳಕಿನ ಪಾಠ ನಡೆದಿತ್ತು. ಕಿಟಕಿಗಳಿಗೆಲ್ಲ ಹಳೆಯ ಚಾರ್ಟುಗಳನ್ನು ಅಡ್ಡ ಕಟ್ಟಿ, ಒಂದೇ ಒಂದು ಸಣ್ಣ ಕಿಂಡಿಯಿಂದ ಬಿಸಿಲ ಕೋಲನ್ನು ಒಳಗೆ ಬಿಟ್ಟುಕೊಂಡು, ಅದಕ್ಕೆ ಗಾಜಿನ ಪಟ್ಟಕ, ಅಂದರೆ ಪ್ರಿಸಂ, ಹಿಡಿದು ಗೋಡೆಯ ಮೇಲೆ ಏಳು ಬಣ್ಣ ಬೀಳಿಸಿದ್ದೆ. ಇಪ್ಪತ್ತೆಂಟು ವರ್ಷದಿಂದ ಈ ಪ್ರಯೋಗ ಮಾಡಿಸುತ್ತಿದ್ದೇನೆ. ಮಕ್ಕಳ ‘ಓ’ ಎಂಬ ಉದ್ಗಾರ ಒಂದು ವರ್ಷವೂ ತಪ್ಪಿಲ್ಲ. ಈ ಸಲ ಆ ಉದ್ಗಾರದ ಬೆನ್ನಿಗೇ ಎರಡನೇ ಬೆಂಚಿನ ಹುಡುಗಿ ಎದ್ದು ನಿಂತಳು. ‘ಸಾರ್, ಅಮೆರಿಕದವರು ಪ್ರಿಸಂ ಅಂತ ಏನೋ ಇಟ್ಕೊಂಡು ಎಲ್ಲರ ಇ-ಮೇಲ್ ಓದ್ತಿದ್ರಂತೆ. ಅದೂ ಇದೇನಾ?’

ತರಗತಿಯೆಲ್ಲ ನಕ್ಕಿತು. ನಾನೂ ನಕ್ಕು, ನಾಳೆ ಹೇಳುತ್ತೇನೆಂದು ಪಾಠ ಮುಂದುವರಿಸಿದೆ.

ಆ ಹುಡುಗಿಯ ತಂದೆಯದು ಬಸ್ ನಿಲ್ದಾಣದ ಪಕ್ಕದ ಜೆರಾಕ್ಸ್ ಅಂಗಡಿ. ಸಂಜೆ ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆ ಮಾಡಿಸಲು ಹೋದಾಗ ಅಲ್ಲಿಯೂ ಅದೇ ಮಾತು. ‘ಮನೇಲೂ ಇದೇ ಜಗಳ ಮೇಷ್ಟ್ರೇ. ಅಷ್ಟು ದೊಡ್ಡ ಕಂಪನಿಯವರು ಬರವಣಿಗೆಯಲ್ಲಿ ಇಲ್ಲ ಅಂದಮೇಲೆ ಇಲ್ಲ ಅಂತ ತಾನೇ?’ ಎಂದರು ತಂದೆ. ಎಂಜಿನಿಯರಿಂಗ್ ಓದುವ ಮಗ ಕೌಂಟರಿನ ಹಿಂದಿನಿಂದಲೇ, ‘ಕಂಪನಿಯೋರು ಇಲ್ಲ ಅಂದ್ರೆ ಇದೆ ಅಂತ ಅರ್ಥ ಸಾರ್. ಎಲ್ಲಾ ಸುಳ್ಳು’ ಎಂದ. ಅಪ್ಪನದು ಪೂರ್ತಿ ನಂಬಿಕೆ, ಮಗನದು ಪೂರ್ತಿ ಅಪನಂಬಿಕೆ. ವಿಚಾರಿಸಿದಾಗ ತಿಳಿದದ್ದು, ಕಂಪನಿಗಳು ಇಲ್ಲ ಎಂದದ್ದು ಯಾವುದನ್ನು ಎಂಬುದನ್ನು ಇಬ್ಬರೂ ಓದಿರಲಿಲ್ಲ.

ನಡೆದದ್ದು ಇಷ್ಟು. 2013ರ ಜೂನ್ 6ರಂದು ಬ್ರಿಟನ್ನಿನ ‘ಗಾರ್ಡಿಯನ್’ ಮತ್ತು ಅಮೆರಿಕದ ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆಗಳು ಒಂದು ಗುಪ್ತ ದಾಖಲೆಯನ್ನು ಹೊರಹಾಕಿದವು. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ, ಎನ್‌ಎಸ್‌ಎ, ತನ್ನ ಸಿಬ್ಬಂದಿಗಾಗಿ ತಯಾರಿಸಿದ್ದ ಸ್ಲೈಡುಗಳವು. ಒದಗಿಸಿದವನು ಗುತ್ತಿಗೆ ನೌಕರ, 29 ವರ್ಷದ ಎಡ್ವರ್ಡ್ ಸ್ನೋಡೆನ್. ‘ಪ್ರಿಸಂ’ ಎಂಬ ಹೆಸರಿನ ಯೋಜನೆಗೆ ಒಂಬತ್ತು ಕಂಪನಿಗಳು ಯಾವಾಗ ಯಾವಾಗ ಸೇರಿದವು ಎಂಬ ಪಟ್ಟಿಯೇ ಅದರಲ್ಲಿತ್ತು. 2007ರಲ್ಲಿ ಮೈಕ್ರೋಸಾಫ್ಟ್, 2008ರಲ್ಲಿ ಯಾಹೂ, 2009ರಲ್ಲಿ ಗೂಗಲ್ ಮತ್ತು ಫೇಸ್‌ಬುಕ್. ಕೊನೆಯದು 2012ರಲ್ಲಿ ಆಪಲ್. ಈ ಕಂಪನಿಗಳ ಸರ್ವರ್‌ಗಳಿಂದ ‘ನೇರವಾಗಿ’ ಮಾಹಿತಿ ಸಂಗ್ರಹ ಎಂದು ಒಂದು ಸ್ಲೈಡಿನಲ್ಲಿ ಬರೆದಿತ್ತು. ಆ ಪದವನ್ನು ನೆನಪಿಟ್ಟುಕೊಳ್ಳಿ.

ಕಂಪನಿಗಳು ಒಂದಾದ ಮೇಲೊಂದು ನಿರಾಕರಿಸಿದವು. ಪ್ರಿಸಂ ಎಂಬ ಹೆಸರನ್ನೇ ಕೇಳಿಲ್ಲ, ನಮ್ಮ ಸರ್ವರ್‌ಗಳಿಗೆ ಸರ್ಕಾರಕ್ಕೆ ‘ನೇರ ಪ್ರವೇಶ’ ಕೊಟ್ಟಿಲ್ಲ. ಗೂಗಲ್ಲಿನ ಲ್ಯಾರಿ ಪೇಜ್, ಫೇಸ್‌ಬುಕ್ಕಿನ ಮಾರ್ಕ್ ಝಕರ್‌ಬರ್ಗ್ ಮರುದಿನ ತಮ್ಮ ಹೆಸರಿನಲ್ಲೇ ಹೇಳಿಕೆ ಕೊಟ್ಟರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದವರಿಗೆ ಒಂದನ್ನು ನೋಡಿ ಇನ್ನೊಂದನ್ನು ಬರೆದಂತೆ ಕಂಡಿತು. ಪರೀಕ್ಷಾ ಕೊಠಡಿಯಲ್ಲಿ ನಮಗೆ ಅನುಮಾನ ಬರುವುದೂ ಹಾಗೆಯೇ.

ಜನ ನಂಬದಿರಲು ಬೇರೆ ಕಾರಣವೂ ಇತ್ತು. ಅದೇ ವರ್ಷದ ಮಾರ್ಚ್ 12ರಂದು ಅಮೆರಿಕದ ಬೇಹುಗಾರಿಕೆಯ ಮುಖ್ಯಸ್ಥ ಜೇಮ್ಸ್ ಕ್ಲ್ಯಾಪರ್ ಸೆನೆಟ್ಟಿನ ಸಮಿತಿಯ ಮುಂದೆ ಕೂತು, ಕೋಟ್ಯಂತರ ಅಮೆರಿಕನ್ನರ ಮಾಹಿತಿಯನ್ನು ಎನ್‌ಎಸ್‌ಎ ಸಂಗ್ರಹಿಸುತ್ತಿದೆಯೇ ಎಂಬ ಪ್ರಶ್ನೆಗೆ ‘ಇಲ್ಲ’ ಎಂದಿದ್ದರು. ಮೂರು ತಿಂಗಳೊಳಗೆ ಆ ‘ಇಲ್ಲ’ ಬಿದ್ದುಹೋಯಿತು. ಇನ್ನೂ ಹಿಂದಕ್ಕೆ ಹೋದರೆ, 1945ರಿಂದ 1975ರವರೆಗೆ ಅಲ್ಲಿನ ಮೂರು ದೊಡ್ಡ ಟೆಲಿಗ್ರಾಂ ಕಂಪನಿಗಳು ವಿದೇಶಕ್ಕೆ ಹೋಗುವ, ಬರುವ ತಂತಿಗಳ ಪ್ರತಿಗಳನ್ನು ಸದ್ದಿಲ್ಲದೆ ಸರ್ಕಾರಕ್ಕೆ ಕೊಡುತ್ತಿದ್ದವು. 1975ರಲ್ಲಿ ಫ್ರಾಂಕ್ ಚರ್ಚ್ ಎಂಬ ಸೆನೆಟರರ ಸಮಿತಿ ಅದನ್ನು ಬಯಲಿಗೆಳೆಯಿತು. (ನಮ್ಮ ದೇಶದ ತಂತಿ ಸೇವೆ ನಿಂತದ್ದು 2013ರ ಜುಲೈಯಲ್ಲಿ, ಪ್ರಿಸಂ ಸುದ್ದಿಯ ಮರುತಿಂಗಳು. ನಮ್ಮ ಕಾಲದವರಿಗೆ ಆ ವರ್ಷ ಸ್ವಲ್ಪ ಭಾರವೇ.)

ಹಾಗಾದರೆ ಕಂಪನಿಗಳು ಸುಳ್ಳು ಹೇಳಿದವೇ? ಇಲ್ಲಿ ಸ್ವಲ್ಪ ತಾಳ್ಮೆ ಬೇಕು. 2014ರ ಜುಲೈಯಲ್ಲಿ ಅಮೆರಿಕ ಸರ್ಕಾರದ್ದೇ ಆದ, ಖಾಸಗಿತನದ ಮೇಲ್ವಿಚಾರಣೆಗಿರುವ ಒಂದು ಮಂಡಳಿ ಈ ವ್ಯವಸ್ಥೆ ಹೇಗೆ ನಡೆಯುತ್ತದೆಂದು ವರದಿ ಕೊಟ್ಟಿತು. 2008ರ ಕಾನೂನಿನ 702ನೇ ಸೆಕ್ಷನ್ನಿನಂತೆ ಸರ್ಕಾರ ಕಂಪನಿಗೆ ಗುಪ್ತ ಆದೇಶ ಕೊಡುತ್ತದೆ: ಇಂಥ ವಿಳಾಸದ ಪತ್ರಗಳು ಬೇಕು. ಕಂಪನಿ ಅವನ್ನು ಒಪ್ಪಿಸುತ್ತದೆ. ನಡುವೆ ಎಫ್‌ಬಿಐ ನಿಂತು ಎನ್‌ಎಸ್‌ಎಗೆ ದಾಟಿಸುತ್ತದೆ. ಅಂದರೆ ಎನ್‌ಎಸ್‌ಎ ಅಧಿಕಾರಿ ಗೂಗಲ್ಲಿನ ಕೋಣೆಗೆ ಹೋಗಿ ಬೀರು ತೆರೆಯುವುದಿಲ್ಲ. ಬೀರುವಿನಲ್ಲಿದ್ದದ್ದು ಅವನ ಮೇಜಿಗೆ ಬರುತ್ತದೆ. ‘ನೇರ ಪ್ರವೇಶ ಇಲ್ಲ’ ಎಂಬುದು ಅಕ್ಷರಶಃ ನಿಜ. ‘ಪ್ರಿಸಂ ಎಂಬ ಹೆಸರು ಕೇಳಿಲ್ಲ’ ಎಂಬುದೂ ನಿಜವಿದ್ದೀತು, ಅದು ಸಂಸ್ಥೆಯ ಒಳಗಿನ ಹೆಸರು. ಆದರೆ ಪತ್ರ ಬರೆದವನಿಗೆ ಬೇಕಾದದ್ದು ಆ ಉತ್ತರವಲ್ಲ. ತನ್ನ ಪತ್ರ ಹೋಯಿತೇ ಇಲ್ಲವೇ ಎಂಬುದಷ್ಟೇ ಅವನ ಪ್ರಶ್ನೆ. ಇನ್ನೊಂದು ಮಾತು: ಆ ಸೆಕ್ಷನ್ ಗುರಿಯಿಡುವುದು ಅಮೆರಿಕದ ಹೊರಗಿರುವ ವಿದೇಶಿಯರನ್ನು. ಆ ಲೆಕ್ಕದಲ್ಲಿ ನೀವು, ನಾನು, ಜೆರಾಕ್ಸ್ ಅಂಗಡಿಯವರು ಎಲ್ಲರೂ ಹೊರಗಿನವರೇ.

ನನಗೆ ಹೆಚ್ಚು ಕಾಡಿದ್ದು ಯಾಹೂ ಕಥೆ. ಮಾಹಿತಿ ಕೊಡಿ ಎಂದು ಸರ್ಕಾರ ಕೇಳಿದಾಗ ಆ ಕಂಪನಿ ಒಪ್ಪದೆ, ಗುಪ್ತ ನ್ಯಾಯಾಲಯದಲ್ಲಿ ಹೋರಾಡಿತು. ಕೊಡದಿದ್ದರೆ ದಿನಕ್ಕೆ 2,50,000 ಡಾಲರ್ ದಂಡ ಎಂದು ಸರ್ಕಾರ ಬೆದರಿಸಿತು. 2008ರಲ್ಲಿ ಯಾಹೂ ಸೋತಿತು. 2009ರಲ್ಲಿ ಮೇಲ್ಮನವಿಯ ತೀರ್ಪು ಪ್ರಕಟವಾದಾಗ ಅದರಲ್ಲಿ ಕಂಪನಿಯ ಹೆಸರನ್ನೇ ಅಳಿಸಲಾಗಿತ್ತು. ದಂಡದ ಸಂಗತಿ ಹೊರಬಿದ್ದದ್ದು 2014ರ ಸೆಪ್ಟೆಂಬರಿನಲ್ಲಿ. ಅಷ್ಟು ವರ್ಷ ‘ನಾವು ಹೋರಾಡಿ ಸೋತೆವು’ ಎಂದು ಹೇಳಿಕೊಳ್ಳಲೂ ಅದಕ್ಕೆ ಬಾಯಿರಲಿಲ್ಲ. ಸುಳ್ಳುಗಾರನ ಮೌನವೂ ಬಾಯಿಗೆ ಬೀಗ ಹಾಕಿಸಿಕೊಂಡವನ ಮೌನವೂ ಹೊರಗಿನಿಂದ ಒಂದೇ ಥರ ಕಾಣುತ್ತವೆ.

2014ರ ಜನವರಿಯಲ್ಲಿ ಬೀಗ ಕೊಂಚ ಸಡಿಲವಾಯಿತು. ಎಷ್ಟು ಆದೇಶ ಬಂದವು ಎಂದು ಕಂಪನಿಗಳು ಪ್ರಕಟಿಸಬಹುದು, ಆದರೆ ನಿಖರವಾಗಿ ಅಲ್ಲ. ‘0ಯಿಂದ 999’ ಎಂಬಂಥ ಗುಂಪುಗಳಲ್ಲಿ. ಪ್ರಯೋಗಶಾಲೆಯಲ್ಲಿ ಕನಿಷ್ಠ ಅಳತೆ ಎಂಬ ಪಾಠ ಮಾಡುತ್ತೇವಲ್ಲ, ಸ್ಕೇಲಿಗೆ ಒಂದು ಮಿಲಿಮೀಟರ್, ವರ್ನಿಯರ್ ಕ್ಯಾಲಿಪರ್ಸ್‌ಗೆ ಅದರ ಹತ್ತನೇ ಒಂದು ಭಾಗ. ಈ ಅಳತೆಪಟ್ಟಿಯಲ್ಲಿ ಸೊನ್ನೆಗೂ ಒಂಬೈನೂರ ತೊಂಬತ್ತೊಂಬತ್ತಕ್ಕೂ ವ್ಯತ್ಯಾಸವೇ ಇಲ್ಲ!

ಮಗನ ಮಾತಿಗೆ ಬರುವ ಮುನ್ನ, ಕಂಪನಿಗೇ ಗೊತ್ತಿಲ್ಲದೆ ನಡೆದದ್ದನ್ನೂ ಹೇಳಬೇಕು. 2013ರ ಅಕ್ಟೋಬರಿನಲ್ಲಿ ‘ವಾಷಿಂಗ್ಟನ್ ಪೋಸ್ಟ್’ ಇನ್ನೊಂದು ದಾಖಲೆ ಪ್ರಕಟಿಸಿತು. ಗೂಗಲ್ ಮತ್ತು ಯಾಹೂ ತಮ್ಮ ದತ್ತಾಂಶ ಕೇಂದ್ರಗಳ ನಡುವೆ ಎಳೆಸಿಕೊಂಡಿದ್ದ ಸಂಪರ್ಕ ತಂತಿಗಳಿಂದ ಎನ್‌ಎಸ್‌ಎ, ಬ್ರಿಟನ್ನಿನ ಜಿಸಿಎಚ್‌ಕ್ಯೂ ಜೊತೆ ಸೇರಿ, ಅಮೆರಿಕದ ಹೊರಗೆ ಮಾಹಿತಿ ತೆಗೆಯುತ್ತಿತ್ತು. ಎಲ್ಲಿ ಗೂಢಲಿಪಿ ಕಳಚಿ ಮಾಹಿತಿ ಬರಿಮೈಯಲ್ಲಿ ಓಡಾಡುತ್ತದೆ ಎಂದು ತೋರಿಸುವ ಕೈಬರಹದ ಚಿತ್ರ. ಅದರ ಪಕ್ಕ ಒಂದು ನಗುಮುಖ. ಆ ನಗುಮುಖ ಗೂಗಲ್ ಎಂಜಿನಿಯರುಗಳನ್ನು ಕೆರಳಿಸಿತು. ಒಳಗಿನ ಸಂಪರ್ಕಗಳಿಗೂ ಗೂಢಲಿಪಿ ಹಾಕುವ ಕೆಲಸವನ್ನು ಚುರುಕುಗೊಳಿಸಿದರು. ಜೂನ್‌ನಲ್ಲಿ ‘ಮುಂಬಾಗಿಲು ತೆರೆದಿಲ್ಲ’ ಎಂದವರಿಗೆ ಹಿತ್ತಲ ದಾರಿಯ ಸಂಗತಿ ಗೊತ್ತಿರಲಿಲ್ಲ.

ಗೊತ್ತಾಗದಂತೆ ಬೆಳಕನ್ನು ಕದಿಯುವುದು ಹೇಗೆ? ಇದು ನಮ್ಮ ಪಾಠಕ್ಕೆ ಸೇರಿದ್ದು. ರಾತ್ರಿ ಬಸ್ಸಿನ ಕಿಟಕಿ ಪಕ್ಕ ಕೂತಾಗ ಗಾಜಿನಲ್ಲಿ ನಿಮ್ಮ ಮುಖವೂ ಕಾಣುತ್ತದೆ, ಹೊರಗಿನ ಬೀದಿದೀಪವೂ ಕಾಣುತ್ತದೆ. ಗಾಜಿನ ಮೇಲೆ ಬಿದ್ದ ಬೆಳಕಿನಲ್ಲಿ ಸ್ವಲ್ಪ ಹಿಂದಿರುಗುತ್ತದೆ, ಉಳಿದದ್ದು ದಾಟುತ್ತದೆ. ದೂರವಾಣಿ, ಇಂಟರ್‌ನೆಟ್ ಎಲ್ಲ ಇಂದು ಕೂದಲೆಳೆಯಂಥ ಗಾಜಿನ ತಂತುವಿನಲ್ಲಿ ಬೆಳಕಾಗಿ ಹರಿಯುತ್ತದೆ. ಅಲ್ಲಿ ಬೆಳಕನ್ನು ಎರಡಾಗಿ ಹಂಚುವ ಸಣ್ಣ ಸಾಧನ ಕೂರಿಸಿದರೆ ಎರಡು ಕವಲಿನಲ್ಲೂ ಪೂರ್ತಿ ಸಂದೇಶ ಇರುತ್ತದೆ. ಬೆಳಕು ಮಾತ್ರ ಮಂದ. ಸಮವಾಗಿ ಹಂಚಿದರೆ ಸಾಮರ್ಥ್ಯ ಅರ್ಧವಾಗುತ್ತದೆ, ಎಂಜಿನಿಯರುಗಳ ಲೆಕ್ಕದಲ್ಲಿ 3 ಡೆಸಿಬಲ್ ನಷ್ಟ. ಮಾತಾಡುವವನಿಗೆ ಏನೂ ತಿಳಿಯುವುದಿಲ್ಲ.

ಇದು ಬರೀ ಊಹೆಯಲ್ಲ. ಸ್ಯಾನ್‌ಫ್ರಾನ್ಸಿಸ್ಕೋದ 611, ಫಾಲ್ಸಮ್ ರಸ್ತೆಯ ಎಟಿ&ಟಿ ಕಟ್ಟಡದಲ್ಲಿ 641ಎ ಎಂಬ ಕೋಣೆಯಿತ್ತು. ಇಂಥ ಹಂಚುಸಾಧನದಿಂದ ಬೆಳಕಿನ ಒಂದು ಕವಲು ಆ ಕೋಣೆಗೆ ಹೋಗುತ್ತಿತ್ತು ಎಂದು ಮಾರ್ಕ್ ಕ್ಲೈನ್ ಎಂಬ ತಂತ್ರಜ್ಞ ನಿವೃತ್ತಿಯ ನಂತರ, 2006ರಲ್ಲಿ, ಕಾಗದಪತ್ರ ಸಮೇತ ಹೊರಗೆ ಹೇಳಿದ. ಕಂಪನಿಯ ಮೇಲೆ ಮೊಕದ್ದಮೆ ನಡೆಯಿತು. ನಡುವೆಯೇ, 2008ರ ಅದೇ ಕಾನೂನು ದೂರವಾಣಿ ಕಂಪನಿಗಳಿಗೆ ಹಿಂದಿನಿಂದ ಅನ್ವಯವಾಗುವಂತೆ ರಕ್ಷಣೆ ಕೊಟ್ಟಿತು. 2009ರಲ್ಲಿ ಮೊಕದ್ದಮೆ ವಜಾ ಆಯಿತು. ನಿಜವೋ ಸುಳ್ಳೋ ತೀರ್ಮಾನವಾಗುವ ಮೊದಲೇ ಪ್ರಶ್ನೆಪತ್ರಿಕೆಯನ್ನೇ ಹಿಂದಕ್ಕೆ ಪಡೆದಂತೆ.

ಇಷ್ಟೆಲ್ಲ ಕೇಳಿ ಮಗರಾಯ ಗೆದ್ದವನಂತೆ ಮುಖ ಮಾಡಿದ. ಅವನಿಗೆ ಇನ್ನೊಂದು ಹೇಳಿದೆ. 2006ರ ಮೇ ತಿಂಗಳಲ್ಲಿ ‘ಯುಎಸ್ಎ ಟುಡೇ’ ಪತ್ರಿಕೆ, ಮೂರು ದೂರವಾಣಿ ಕಂಪನಿಗಳು ಕರೆಗಳ ಪಟ್ಟಿಯನ್ನು ಎನ್‌ಎಸ್‌ಎಗೆ ಒಪ್ಪಿಸುತ್ತಿವೆ ಎಂದು ಬರೆಯಿತು. ಅವುಗಳಲ್ಲಿ ಎರಡು, ವೆರೈಝನ್ ಮತ್ತು ಬೆಲ್‌ಸೌತ್, ನಿರಾಕರಿಸಿದವು. ಯಾರೂ ನಂಬಲಿಲ್ಲ. ಮರುತಿಂಗಳ ಕೊನೆಗೆ ಪತ್ರಿಕೆಯೇ, ಈ ಎರಡು ಕಂಪನಿಗಳು ಅಂಥ ಒಪ್ಪಂದ ಮಾಡಿಕೊಂಡದ್ದನ್ನು ಖಚಿತಪಡಿಸಿಕೊಳ್ಳಲಾಗಲಿಲ್ಲ ಎಂದು ಪ್ರಕಟಿಸಿತು. ಪ್ರಿಸಂ ಸುದ್ದಿಯಲ್ಲೂ ‘ವಾಷಿಂಗ್ಟನ್ ಪೋಸ್ಟ್’ ಮೊದಲ ದಿನದ ಕೆಲವು ವಾಕ್ಯಗಳನ್ನು ಮರುದಿನ ಬದಲಿಸಿತು. ‘ನೇರವಾಗಿ’ ಎಂಬ ಪದವೇ ಪೇಚಿಗೆ ಸಿಕ್ಕಿಸಿತ್ತು. ನಿರಾಕರಣೆಯನ್ನು ಅನುಮಾನಿಸುವವನು ಆರೋಪವನ್ನೂ ಅದೇ ಒರೆಗಲ್ಲಿಗೆ ಉಜ್ಜಬೇಕಲ್ಲ! ಹುಡುಗ ಸುಮ್ಮನಾದ.

ಹಳೆಯ ಕಥೆ, ನಮಗೇನು ಎನ್ನುವ ಪೋಷಕರಿಗೆ ಇದನ್ನು ಹೇಳುತ್ತೇನೆ. ಮಕ್ಕಳ ಫೋನಿನಲ್ಲಿ ‘ಟಿಂಗ್’ ಎಂದು ಸೂಚನೆ ಬರುತ್ತದಲ್ಲ, ಆ ಸೂಚನೆಗಳು ಬಹುಪಾಲು ಆಪಲ್ ಅಥವಾ ಗೂಗಲ್‌ನ ಸರ್ವರ್ ದಾಟಿಯೇ ಬರುತ್ತವೆ, ಅಂಚೆ ಕಚೇರಿ ದಾಟಿ ಪತ್ರ ಬಂದಂತೆ. ಆ ದಾಖಲೆಗಳನ್ನು ಸರ್ಕಾರಗಳು ಕೇಳಿ ಪಡೆಯುತ್ತಿವೆ ಎಂದು 2023ರ ಡಿಸೆಂಬರಿನಲ್ಲಿ ಸೆನೆಟರ್ ರಾನ್ ವೈಡನ್ ಬಹಿರಂಗ ಪತ್ರ ಬರೆದರು. ಕ್ಲ್ಯಾಪರ್‌ಗೆ ಹತ್ತು ವರ್ಷ ಹಿಂದೆ ಆ ಪ್ರಶ್ನೆ ಕೇಳಿದವರೂ ಇವರೇ. ಆಮೇಲಷ್ಟೇ ಆಪಲ್, ಇದನ್ನು ಹೇಳದಂತೆ ಅಮೆರಿಕ ಸರ್ಕಾರ ನಮ್ಮನ್ನು ತಡೆದಿತ್ತು ಎಂದಿತು. ಇಲ್ಲಿ ನಿರಾಕರಣೆಯೇ ಇರಲಿಲ್ಲ, ಏಕೆಂದರೆ ಆ ಪ್ರಶ್ನೆ ಕೇಳಬೇಕೆಂದೇ ಯಾರಿಗೂ ಹೊಳೆದಿರಲಿಲ್ಲ. ನಮ್ಮಲ್ಲೂ ಮಾಹಿತಿ ತಂತ್ರಜ್ಞಾನ ಕಾನೂನಿನ 69ನೇ ಸೆಕ್ಷನ್ನಿನಡಿ 2009ರಲ್ಲಿ ಬಂದ ನಿಯಮಗಳು, ಇಂಥ ಆದೇಶ ಪಡೆದ ಕಂಪನಿ ಅದನ್ನು ಗುಟ್ಟಾಗಿಡಬೇಕೆಂದು ಹೇಳುತ್ತವೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ತೀರ್ಪಿತ್ತದ್ದು ನಮ್ಮವರೇ ಆದ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯಲ್ಲಿ.

ಮರುದಿನ ತರಗತಿಯಲ್ಲಿ ಕೊಟ್ಟ ಮಾತಿನಂತೆ ಬೋರ್ಡಿನ ಮೇಲೆ ಒಂದು ವಾಕ್ಯ ಬರೆದೆ: ‘ನಾವು ಯಾವ ಸರ್ಕಾರಕ್ಕೂ ನಮ್ಮ ಸರ್ವರ್‌ಗಳಿಗೆ ನೇರ ಪ್ರವೇಶ ಕೊಟ್ಟಿಲ್ಲ.’ ಇದರಲ್ಲಿ ಏನೇನು ಹೇಳಿಲ್ಲ, ಹುಡುಕಿ ಎಂದೆ. ‘ನೇರ’ ಸಿಗಲು ಅರ್ಧ ನಿಮಿಷ ಸಾಕಾಯಿತು. ಒಬ್ಬಳು, ‘ಪ್ರವೇಶ ಕೊಟ್ಟಿಲ್ಲ, ಪ್ರತಿ ಕೊಟ್ಟಿರಬಹುದು’ ಎಂದಳು. ಇನ್ನೊಬ್ಬ, ‘ಇವರು ಕೊಟ್ಟಿಲ್ಲ, ಅವರೇ ತಗೊಂಡಿದ್ರೆ?’ ಎಂದ. ಹಿಂದಿನ ಬೆಂಚಿನಿಂದ ಯಾರೋ, ‘ಕೊಟ್ಟಿಲ್ಲ ಅಂದ್ರೆ ಇವತ್ತಿನವರೆಗೆ. ನಾಳೆ?’ ಎಂದರು. ಕೊನೆಗೆ ಒಬ್ಬ ತಾನಾಗಿಯೇ ಎದ್ದ. ‘ಹೋದ ವಾರ ಅವನ ನೋಟ್‌ಬುಕ್ ನಾನು ಮುಟ್ಟೇ ಇಲ್ಲ ಅಂದಿದ್ನಲ್ಲ ಸಾರ್. ಮುಟ್ಟಿರಲಿಲ್ಲ. ಅವನು ಓದಿ ಹೇಳಿದ್ದ.’ ಗದರಬೇಕಾದ ನಾನು ಆ ದಿನ ಗದರಲಿಲ್ಲ.

ಶನಿವಾರ ಮತ್ತೆ ಜೆರಾಕ್ಸ್ ಅಂಗಡಿಗೆ ಹೋಗಿದ್ದೆ. ತಂದೆ ಯಾಕೋ ಮಂಕಾಗಿದ್ದರು. ‘ಆಧಾರ್ ಕಾರ್ಡು, ಮಾರ್ಕ್ಸ್ ಕಾರ್ಡು, ಪಾಸ್‌ಬುಕ್ಕು, ಊರೋರದೆಲ್ಲ ಇಲ್ಲಿಗೇ ಬರತ್ತೆ ಮೇಷ್ಟ್ರೇ. ಕೇಳಿದೋರಿಗೆಲ್ಲ ನಾವು ಕಾಪಿ ಇಟ್ಕೊಳಲ್ಲ ಅಂತಲೇ ಹೇಳ್ತಾ ಬಂದಿದೀನಿ. ಮೊನ್ನೆ ಮಗಳು ಕೇಳಿದ್ಲು, ಅಪ್ಪ, ನೀನು ಇಟ್ಕೊಳಲ್ಲ, ಮಷೀನು?’ ಪ್ರಶ್ನೆ ಸರಿಯಾದದ್ದೇ. ಇಂದಿನ ದೊಡ್ಡ ಡಿಜಿಟಲ್ ಯಂತ್ರಗಳಲ್ಲಿ ಹಲವಕ್ಕೆ ಒಳಗೆ ಹಾರ್ಡ್ ಡಿಸ್ಕ್ ಇರುತ್ತದೆ. ತೆಗೆದ ಪ್ರತಿಯ ಚಿತ್ರ ಅದರಲ್ಲಿ ಉಳಿಯಬಹುದು. ಇವರದರಲ್ಲಿ ಇದೆಯೋ ಇಲ್ಲವೋ ಇವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಮೆಕ್ಯಾನಿಕ್‌ಗೆ ಫೋನ್ ಮಾಡಿದ್ದಾರಂತೆ. ಇದನ್ನು ಬರೆಯುವ ಹೊತ್ತಿಗೆ ಅವನಿನ್ನೂ ಬಂದಿಲ್ಲ.