ಕೆಡಿಸುವ ಹಕ್ಕು

ಹಣ ಕೊಟ್ಟು ಕೊಂಡ ಸರಕನ್ನು ಮಾರುವುದು, ಉಳಿಸಿಕೊಳ್ಳುವುದು, ದಾನ ಮಾಡುವುದು, ಬೇಡವೆಂದರೆ ಬೆಂಕಿಗೆ ಹಾಕುವುದು, ಇವೆಲ್ಲವೂ ಒಡೆಯನ ಇಚ್ಛೆಗೆ ಸೇರಿದವು. ಅದರಲ್ಲಿ ಸರ್ಕಾರಕ್ಕೇನು ಕೆಲಸ ಎಂಬ ಮಾತು ವರ್ತಕ ವಲಯದಲ್ಲಿ ಬಹುಕಾಲದಿಂದ ಪ್ರಶ್ನೆಯಿಲ್ಲದೆ ನಡೆದುಬಂದಿದೆ. ಮೊದಲ ಮೂರಕ್ಕೆ ಯಾರ ಆಕ್ಷೇಪವೂ ಇಲ್ಲ. ನಾಲ್ಕನೆಯದನ್ನು ಮಾತ್ರ ಫ್ರಾನ್ಸ್ ದೇಶವು 2016ರಿಂದೀಚೆಗೆ ಶಾಸನದ ಮೂಲಕ ಅಲ್ಲಗಳೆದಿದೆ. ಅದನ್ನು ಕೇಳಿದ ಕೂಡಲೇ ‘ಇದು ವ್ಯಾಪಾರ ಸ್ವಾತಂತ್ರ್ಯದ ಹರಣ’ ಎಂದು ಹುಬ್ಬೇರಿಸುವವರು ಇಲ್ಲಿಯೂ ಕಡಿಮೆಯಿಲ್ಲ.

ಸ್ವತ್ತಿನ ಹಕ್ಕನ್ನು ಅತ್ಯಂತ ಗಟ್ಟಿಯಾಗಿ ಸಾರಿದ ಶಾಸನಗಳಲ್ಲಿ ಒಂದು ಹುಟ್ಟಿದ್ದು ಅದೇ ಫ್ರಾನ್ಸಿನಲ್ಲಿ. 1804ರ ಸಿವಿಲ್ ಸಂಹಿತೆಯ 544ನೆಯ ವಿಧಿಯು ಒಡೆಯನಿಗೆ ತನ್ನ ವಸ್ತುವಿನ ಮೇಲೆ ಪರಿಪೂರ್ಣ ಅಧಿಕಾರವನ್ನು ಕೊಡುತ್ತದೆ. ಆದರೆ ಕಾನೂನು ನಿಷೇಧಿಸಿದ ರೀತಿಯಲ್ಲಿ ಅದನ್ನು ಬಳಸಕೂಡದೆಂಬ ಷರತ್ತೂ ಅದೇ ವಾಕ್ಯದಲ್ಲಿದೆ. ಸ್ವತ್ತಿನ ಪವಿತ್ರತೆಯನ್ನು ಎತ್ತಿ ಆಡುವವರು ವಾಕ್ಯದ ಮೊದಲರ್ಧವನ್ನು ಓದಿ ಪುಸ್ತಕ ಮುಚ್ಚಿಬಿಡುತ್ತಾರೆ.

ಪ್ಯಾರಿಸ್ ಸಮೀಪದ ಕೂರ್ಬ್‌ವುವಾ ಎಂಬ ಊರಿನ ನಗರಸಭಾ ಸದಸ್ಯ ಅರಾಶ್ ದೆರಂಬಾರ್ಶ್ ಈ ವಿಷಯದಲ್ಲಿ ಜನಾಭಿಪ್ರಾಯ ರೂಪಿಸಿದವರಲ್ಲಿ ಮುಖ್ಯರು. ಸಂಸತ್ತಿನಲ್ಲಿ ಅದನ್ನು ಹಿಡಿದು ನಡೆಸಿದವರು ಗೀಯೋಮ್ ಗಾರೋ. 2015ರಲ್ಲಿ ಬೇರೊಂದು ಮಸೂದೆಯೊಳಗೆ ಸೇರಿಸಿದ್ದ ಈ ಅಂಶವನ್ನು ಅಲ್ಲಿನ ಸಂವಿಧಾನ ಪರಿಷತ್ತು ಕಾರ್ಯವಿಧಾನದ ದೋಷಕ್ಕಾಗಿ ತೆಗೆದುಹಾಕಿತು. ಮರುವರ್ಷ ಅದು ಪ್ರತ್ಯೇಕ ಕಾನೂನಾಗಿ ಬಂದಾಗ ಸೆನೆಟ್ಟಿನಲ್ಲಿ ಒಮ್ಮತದಿಂದ ಅಂಗೀಕಾರವಾಯಿತು. 400 ಚದರ ಮೀಟರಿಗಿಂತ ದೊಡ್ಡದಾದ ಅಂಗಡಿಗಳು ಮಾರಾಟವಾಗದ, ತಿನ್ನಲು ಯೋಗ್ಯವಾದ ಆಹಾರವನ್ನು ಸ್ವೀಕರಿಸುವ ಸೇವಾಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಳ್ಳಲೇಬೇಕು. ಉದ್ದೇಶಪೂರ್ವಕವಾಗಿ ಆಹಾರವನ್ನು ತಿನ್ನಲಾಗದಂತೆ ಕೆಡಿಸಿದರೆ ಆಗ 3,750 ಯೂರೋ ದಂಡವಿತ್ತು. 2016ರ ಫೆಬ್ರವರಿ 11ರ ಈ ಕಾನೂನಿನ ಸಾರವಿಷ್ಟು.

‘ಕೆಡಿಸಿದರೆ’ ಎಂಬ ಪದ ಅಲ್ಲೇಕೆ ಬೇಕಾಯಿತು? ರಾತ್ರಿ ಅಂಗಡಿಯ ಹಿಂಬದಿಯ ತೊಟ್ಟಿಗೆ ಸುರಿದ ರೊಟ್ಟಿ, ಹಣ್ಣು, ಮೊಸರಿನ ಮೇಲೆ ಕೆಲವು ಅಂಗಡಿಗಳವರು ಬ್ಲೀಚಿಂಗ್ ದ್ರಾವಣವನ್ನು ಹೊಯ್ಯುತ್ತಿದ್ದರು. ಹಸಿದವನು ಹೆಕ್ಕಿ ತಿಂದು ಕಾಯಿಲೆ ಬಿದ್ದರೆ ದಾವೆ ತಲೆಗೆ ಬಂದೀತೆಂಬುದು ಅವರು ಕೊಡುತ್ತಿದ್ದ ಸಮಾಧಾನ. ಈ ಸಮಾಧಾನ ಒಂದು ಕ್ಷಣವೂ ನಿಲ್ಲದು. ಕಾಯಿಲೆಯ ಭಯವೇ ನಿಜವಾಗಿದ್ದರೆ ತೊಟ್ಟಿಗೆ ಬೀಗ ಹಾಕಿದರೆ ಸಾಕಿತ್ತು. ಆಹಾರಕ್ಕೆ ವಿಷ ಬೆರೆಸಿ ಕಾಯಿಲೆಯನ್ನು ತಪ್ಪಿಸುವ ಉಪಾಯ ಯಾವ ವೈದ್ಯಶಾಸ್ತ್ರದಲ್ಲಿದೆ? ಪುಕ್ಕಟೆ ಸಿಕ್ಕುವುದನ್ನು ಜನ ಕೊಳ್ಳಲಾರರು, ಬೆಲೆ ಬಿದ್ದೀತು ಎಂಬ ಅಳುಕೇ ಅದರ ಬೇರು. ಬೆಲೆಯ ರಕ್ಷಣೆಗಾಗಿ ಅನ್ನವನ್ನು ಕೊಲ್ಲುವುದಕ್ಕೆ ವ್ಯಾಪಾರವೆಂಬ ಹೆಸರು ಸಲ್ಲದು.

ಆಹಾರಕ್ಕೆ ನಿಂತದ್ದು ಬಟ್ಟೆಗೂ ಬಂತು. 2018ರಲ್ಲಿ ಬ್ರಿಟನ್ನಿನ ಬರ್ಬೆರಿ ಸಂಸ್ಥೆಯ ವಾರ್ಷಿಕ ವರದಿಯಿಂದಲೇ, ಅದು ಒಂದು ವರ್ಷದಲ್ಲಿ 2 ಕೋಟಿ 86 ಲಕ್ಷ ಪೌಂಡು ಬೆಲೆಯ ಉಡುಪು, ಸುಗಂಧದ್ರವ್ಯ ಮೊದಲಾದ ಸರಕನ್ನು ನಾಶಮಾಡಿದ್ದು ಹೊರಬಿತ್ತು. ಟೀಕೆ ಎದ್ದ ಮೇಲೆ ಸಂಸ್ಥೆಯು ಆ ಪದ್ಧತಿಯನ್ನು ಕೈಬಿಟ್ಟಿತು. ಫ್ರಾನ್ಸ್ 2020ರ ಫೆಬ್ರವರಿಯಲ್ಲಿ ಇನ್ನೊಂದು ಕಾನೂನು ಮಾಡಿ, ಮಾರಾಟವಾಗದ ಉಡುಪು, ಪಾದರಕ್ಷೆ, ವಿದ್ಯುತ್ ಉಪಕರಣ ಮುಂತಾದವನ್ನು ಸುಡುವುದನ್ನೂ ಹೂಳುವುದನ್ನೂ ನಿಷೇಧಿಸಿತು. 2022ರಿಂದ ಅದು ಜಾರಿಗೆ ಬಂತು. ಐರೋಪ್ಯ ಒಕ್ಕೂಟವೂ 2024ರಲ್ಲಿ ಇದೇ ಹಾದಿ ಹಿಡಿದು, ಮಾರಾಟವಾಗದ ಉಡುಪು ಮತ್ತು ಪಾದರಕ್ಷೆಗಳನ್ನು ದೊಡ್ಡ ಕಂಪನಿಗಳು ನಾಶಮಾಡುವುದನ್ನು 2026ರ ಜುಲೈ 19ರಿಂದ ಅನ್ವಯವಾಗುವಂತೆ ನಿಷೇಧಿಸಿತು.

ಇದೆಲ್ಲ ಪಾಶ್ಚಾತ್ಯರ ಅತಿರೇಕಕ್ಕೆ ಪಾಶ್ಚಾತ್ಯರೇ ಹುಡುಕಿಕೊಂಡ ಮದ್ದು, ಭಾರತೀಯ ವರ್ತಕನಿಗೆ ಇದರ ಅಗತ್ಯವಿಲ್ಲ ಎಂಬ ಮಾತು ಕೇಳಲು ಹಿತವಾಗಿದೆ. ಮೂಟೆಯ ತಳದ ಕಾಳನ್ನೂ ಗುಡಿಸಿ ಎತ್ತಿಡುವ ಕಿರಾಣಿ ಅಂಗಡಿಯ ಕಾಲಕ್ಕೆ ಅದು ನಿಜವೂ ಆಗಿತ್ತು. ಇಂದಿನ ಮಾಲ್‌ಗಳ ಹಿಂಬಾಗಿಲಿಗೆ, ಅಂತರ್ಜಾಲದಲ್ಲಿ ಮಾರುವವರ ಉಗ್ರಾಣಕ್ಕೆ ಆ ಅಜ್ಜನ ಕೀರ್ತಿಯನ್ನು ಅಂಟಿಸುವುದು ನ್ಯಾಯವಲ್ಲ. ಇಷ್ಟಕ್ಕೂ ಭಾರತದ ಕಾನೂನು ಈ ವಿಷಯದಲ್ಲಿ ಎಡವಟ್ಟಾಗಿದೆ. 1955ರ ಅಗತ್ಯ ವಸ್ತುಗಳ ಕಾಯಿದೆಯ ಅನ್ವಯ ಸರ್ಕಾರ ಗೊತ್ತುಪಡಿಸಿದ ಮಿತಿ ಮೀರಿ ಧಾನ್ಯವನ್ನು ದಾಸ್ತಾನಿಟ್ಟವನು ಅಪರಾಧಿ. ಬೆಲೆ ಏರಿಸಲೆಂದು ಸರಕನ್ನು ಅಡಗಿಸಿದರೆ ತಪ್ಪು, ಬೆಲೆ ಇಳಿಯದಿರಲೆಂದು ಅದನ್ನೇ ಸುಟ್ಟರೆ ಹಕ್ಕು! ಅಡಗಿಸಿಟ್ಟದ್ದಾದರೂ ಎಂದೋ ಒಂದು ದಿನ ಹೊರಬರುತ್ತದೆ.

ಫ್ರಾನ್ಸಿನ ಕಾನೂನಿನಲ್ಲಿ ಕೊರತೆಯಿಲ್ಲವೆಂದಲ್ಲ. ಒಪ್ಪಂದ ಕಡ್ಡಾಯವಾಯಿತೇ ಹೊರತು ಇಂತಿಷ್ಟು ಕೊಡಬೇಕೆಂಬ ಪ್ರಮಾಣವನ್ನು 2016ರ ಕಾನೂನು ಹೇಳಲಿಲ್ಲ. ನಾಳೆ ಅವಧಿ ಮುಗಿಯುವ ಸರಕನ್ನು ಇಂದು ಸಂಜೆ ಸೇವಾಸಂಸ್ಥೆಯ ಬಾಗಿಲಿಗೆ ಸುರಿದು ಕೈತೊಳೆದುಕೊಳ್ಳುವ ದಾರಿಯೂ ಉಳಿಯಿತು. ಇಟಲಿಯು 2016ರ ಆಗಸ್ಟಿನಲ್ಲಿ ಮಾಡಿದ ಕಾನೂನು ದಂಡವನ್ನು ಬಿಟ್ಟು, ದಾನದ ಕಾಗದಪತ್ರಗಳನ್ನು ಸರಳಗೊಳಿಸಿ, ದಾನಿಯ ಕಸದ ತೆರಿಗೆಯನ್ನು ತಗ್ಗಿಸಲು ನಗರಸಭೆಗಳಿಗೆ ಅವಕಾಶ ಕೊಟ್ಟಿತು.

ದಂಡದ ಸುದ್ದಿಯಷ್ಟು ಪ್ರಚಾರ ಪಡೆಯದ ಒಂದು ಅಂಶವು ಲೆಕ್ಕ ಬಲ್ಲವರ ಕಣ್ಣಿಗೆ ಬೀಳಬೇಕು. ಅರ್ಹ ಸೇವಾಸಂಸ್ಥೆಗೆ ಕೊಟ್ಟ ಸರಕಿನ ಮೌಲ್ಯದ ನೂರಕ್ಕೆ 60ರಷ್ಟನ್ನು, ನಿಗದಿತ ಮಿತಿಯೊಳಗೆ, ಫ್ರಾನ್ಸಿನ ಕಂಪನಿಯು ತಾನು ಕಟ್ಟಬೇಕಾದ ತೆರಿಗೆಯಿಂದ ಕಳೆದುಕೊಳ್ಳಬಹುದು. ಭಾರತದಲ್ಲೇನಾಗಿದೆ? 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 17ನೆಯ ಪ್ರಕರಣದ 5ನೆಯ ಉಪಪ್ರಕರಣವನ್ನು ತೆರೆದು ನೋಡಬೇಕು. ಕೊಳ್ಳುವಾಗ ಕಟ್ಟಿದ ತೆರಿಗೆಯ ಜಮೆ ಯಾವ ಸರಕಿಗೆ ಸಿಗದೆಂದು ಹೇಳುವಲ್ಲಿ ಕಳೆದುಹೋದ, ಕಳುವಾದ, ನಾಶವಾದ ಸರಕಿನ ಸಾಲಿನಲ್ಲಿಯೇ ಉಡುಗೊರೆಯಾಗಿ ಕೊಟ್ಟ ಸರಕೂ ಕುಳಿತಿದೆ. ನೂರಕ್ಕೆ 18ರ ದರದಲ್ಲಿ ತೆರಿಗೆ ತೆತ್ತು ಕೊಂಡ ಒಂದು ಲಕ್ಷ ರೂಪಾಯಿಯ ಸರಕನ್ನು ವರ್ತಕನು ಸುಟ್ಟರೆ 18,000 ರೂಪಾಯಿ ಜಮೆ ಹೋಗುತ್ತದೆ; ಅನಾಥಾಲಯಕ್ಕೆ ಪುಕ್ಕಟೆಯಾಗಿ ಕೊಟ್ಟರೂ ಅದೇ 18,000 ಹೋಗುತ್ತದೆ, ಮೇಲೆ ಸಾಗಣೆಯ ಖರ್ಚು. ನಾಶವಾದ ದಾಸ್ತಾನು ವ್ಯಾಪಾರದ ನಷ್ಟವಾಗಿ ಖಾತೆಗೆ ಬರುತ್ತದೆ. ಆದಾಯ ತೆರಿಗೆಯಲ್ಲಿ ದಾನದ ರಿಯಾಯಿತಿಯೋ ಹಣವಾಗಿ ಕೊಟ್ಟದ್ದಕ್ಕೆ ಮಾತ್ರ, ವಸ್ತುವಾಗಿ ಕೊಟ್ಟದ್ದಕ್ಕಿಲ್ಲ. ದಾನಿಗೂ ಸುಡುವವನಿಗೂ ಭೇದವೆಣಿಸದ ಕಾನೂನು ಹೀಗೆ ಸುಡುವವನ ಕಡೆಗೇ ವಾಲುತ್ತದೆ.

2019ರಲ್ಲಿ ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಮಿಕ್ಕ ಆಹಾರದ ಸಂಗ್ರಹಣೆ ಮತ್ತು ವಿತರಣೆಗೆ ನಿಯಮಗಳನ್ನು ಹೊರಡಿಸಿತು. ಕೊಡುವುದಾದರೆ ಹೇಗೆ ಕೊಡಬೇಕೆಂಬುದನ್ನು ಅವು ವಿವರಿಸುತ್ತವೆ. ಕೊಡದೆ ಕೆಡಿಸುವವನ ಮಾತನ್ನು ಎತ್ತುವುದಿಲ್ಲ.

ದಾನಕ್ಕೆ ತೆರಿಗೆ ಜಮೆ ಉಳಿಸಿಕೊಟ್ಟರೆ ಕಳ್ಳಲೆಕ್ಕ ಹೆಚ್ಚೀತೆಂಬ ಅಧಿಕಾರಿಗಳ ಶಂಕೆ ಆಧಾರವಿಲ್ಲದ್ದಲ್ಲ. ಕೊಟ್ಟೆನೆಂದು ಬರೆದು ಹಿಂಬಾಗಿಲಲ್ಲಿ ಮಾರುವವರು ಹುಟ್ಟಿಕೊಳ್ಳುತ್ತಾರೆ. ಆದರೆ ಸುಟ್ಟೆನೆಂದು ಬರೆದು ಮಾರುವುದು ಅದಕ್ಕಿಂತ ಸುಲಭ; ಬೂದಿಗೆ ರಸೀತಿ ಕೊಡುವವರು ಯಾರೂ ಇಲ್ಲ. ದಾನಕ್ಕಾದರೆ ಪಡೆದವರ ಸಹಿಯಿದೆ, ನೋಂದಾಯಿತ ಸಂಸ್ಥೆಯ ದಾಸ್ತಾನು ಪುಸ್ತಕವಿದೆ, ಲೆಕ್ಕಪರಿಶೋಧಕನ ತಪಾಸಣೆಯಿದೆ. ನೋಂದಾಯಿತ ಸೇವಾಸಂಸ್ಥೆಗೆ ರಸೀತಿ ಪಡೆದು ಕೊಟ್ಟ ಸರಕನ್ನು ಆ ಉಪಪ್ರಕರಣದ ಸಾಲಿನಿಂದ ಹೊರತುಪಡಿಸಲು ಒಂದು ವಾಕ್ಯದ ತಿದ್ದುಪಡಿ ಸಾಕು. ವರ್ಷವರ್ಷವೂ ಬಜೆಟ್ಟಿಗೆ ಮುನ್ನ ದರ ಇಳಿಸಿರೆಂದು ಬೇಡಿಕೆಯ ಪಟ್ಟಿ ಕಳುಹಿಸುವ ವರ್ತಕ ಸಂಘಗಳು ಆ ಪಟ್ಟಿಯಲ್ಲಿ ಈ ಒಂದು ವಾಕ್ಯಕ್ಕೂ ಸ್ಥಳ ಮಾಡಿಕೊಡಲಿ.