ಎರಡು ಬಿಡಿಭಾಗಗಳ ಪ್ರಶ್ನೆ

ಬಾವಿಯ ಪಂಪಿನ ಮೋಟಾರು ಸುಟ್ಟುಹೋದರೆ ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳ ಯಾವ ಕೃಷಿಕನೂ ಪಂಪನ್ನೇ ಗುಜರಿಗೆ ಹಾಕುವುದಿಲ್ಲ. ಪೇಟೆಗೆ ಒಯ್ದು ರಿವೈಂಡಿಂಗ್ ಮಾಡಿಸಿ ಮತ್ತೆ ನೀರೆತ್ತುತ್ತಾನೆ. ಕೊಳೆರೋಗಕ್ಕೆ ಬೋರ್ಡೋ ಸಿಂಪಡಿಸುವ ಯಂತ್ರದ ವಾಷರ್ ಸವೆದರೆ ವಾಷರನ್ನಷ್ಟೇ ಬದಲಿಸುತ್ತಾನೆ. ಅದೇ ಮನೆಯಲ್ಲಿ, ಅದೇ ಊರಿನ ಶಾಲೆಯಲ್ಲಿ ಗಣಕಯಂತ್ರವೊಂದು ಸೋತಾಗ ಮಾತ್ರ ‘ಹಳತಾಯಿತು, ಹೊಸತು ತನ್ನಿ’ ಎಂಬ ತೀರ್ಪು ಕ್ಷಣಮಾತ್ರದಲ್ಲಿ ಹೊರಬೀಳುತ್ತದೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಈ ಅವಸರವನ್ನು ಇನ್ನಾದರೂ ಪ್ರಶ್ನಿಸಬೇಕಾಗಿದೆ.

ಈ ಅವಸರಕ್ಕೆ ಹೊರಗಿನ ಒತ್ತಡವೂ ಇದೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ ಕೊನೆಗೊಂಡಿತು. ಹೊಸ ಆವೃತ್ತಿಯ ಷರತ್ತುಗಳಿಗೆ ಹೊಂದದ, ಆದರೆ ದೇಹಸ್ಥಿತಿ ಚೆನ್ನಾಗಿಯೇ ಇರುವ ಯಂತ್ರಗಳು ಒಂದೇ ದಿನದಲ್ಲಿ ‘ಮುದಿ’ ಎನಿಸಿಕೊಂಡವು. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಪ್ರಕಟಿಸಿದ 2024ರ ವರದಿಯ ಪ್ರಕಾರ 2022ರಲ್ಲಿ ಜಗತ್ತು ಉತ್ಪಾದಿಸಿದ ವಿದ್ಯುನ್ಮಾನ ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಗೊಂಡು ಮರುಬಳಕೆಯಾದುದಕ್ಕೆ ದಾಖಲೆಯಿರುವುದು ಶೇಕಡಾ 22.3ರಷ್ಟಕ್ಕೆ ಮಾತ್ರ. ಉಳಿದದ್ದು ಯಾರದೋ ಹಿತ್ತಲಿನಲ್ಲಿ, ಯಾವುದೋ ಹಳ್ಳದ ದಂಡೆಯಲ್ಲಿ ಬಿದ್ದಿದೆ ಅಥವಾ ಬೆಂಕಿಗೆ ಆಹುತಿಯಾಗಿದೆ.

ಮಲೆನಾಡಿನ ಸೆರಗಿನ ಈ ಪ್ರದೇಶಕ್ಕೆ ಇದು ದೂರದ ಸುದ್ದಿಯಲ್ಲ. ಇಲ್ಲಿಯ ಜಂಬಿಟ್ಟಿಗೆ ಮಣ್ಣು ಹುಳಿ ಸ್ವಭಾವದ್ದು. ಹುಳಿ ಮಣ್ಣಿನಲ್ಲಿ ಸೀಸ, ಕ್ಯಾಡ್ಮಿಯಂನಂಥ ಲೋಹಗಳು ಸುಲಭವಾಗಿ ಕರಗಿ ಚಲಿಸುತ್ತವೆ. ಅದರ ಮೇಲೆ ವರ್ಷವರ್ಷವೂ ಧಾರಾಕಾರವಾಗಿ ಸುರಿಯುವ ಮುಂಗಾರು ಮಳೆ. ಗುಡ್ಡದ ಮೇಲೆ ಎಸೆದ ಹಳೆಯ ಸರ್ಕ್ಯೂಟ್ ಬೋರ್ಡಿನ ಬೆಸುಗೆ ಅಲ್ಲಿಯೇ ಉಳಿಯುವುದಿಲ್ಲ. ತೋಟದ ಕೆರೆಗೆ, ಅಲ್ಲಿಂದ ತೋಡಿಗೆ, ತೋಡಿನಿಂದ ಕುಮಾರಧಾರೆಗೋ ಪಯಸ್ವಿನಿಗೋ ಅದಕ್ಕೆ ದಾರಿ ತೆರೆದೇ ಇದೆ. ತಾಮ್ರದ ಆಸೆಗೆ ಪಿವಿಸಿ ವಯರುಗಳನ್ನು ಸುಟ್ಟರೆ ಡಯಾಕ್ಸಿನ್‌ನಂಥ ವಿಷ ಗಾಳಿ ಸೇರುತ್ತದೆ.

ಇನ್ನೊಂದು ನಷ್ಟವನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿಲ್ಲ. ಹತ್ತು ಹನ್ನೆರಡು ವರ್ಷಗಳ ಹಿಂದಿನ ವರ್ಕ್‌ಸ್ಟೇಷನ್ ಎಂದರೆ ಭಾರದ ಲೆಕ್ಕಾಚಾರಕ್ಕೆಂದೇ ರೂಪಿಸಿದ ಗಟ್ಟಿಮುಟ್ಟಾದ ಯಂತ್ರ. ಈ ಸೀಮೆಗೆ ಇಂದು ಬೇಕಾಗಿರುವುದೂ ಅದೇ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗಡಿಯ ಜೋಡುಪಾಲ, ಮದೆನಾಡು ಭಾಗದ ಗುಡ್ಡಗಳು ಕುಸಿದವು. 2022ರ ಆಗಸ್ಟ್ 1ರಂದು ಸುಬ್ರಹ್ಮಣ್ಯದ ಪರಿಸರದಲ್ಲಿ ಮನೆಯ ಮೇಲೆ ಗುಡ್ಡ ಕುಸಿದು ಇಬ್ಬರು ಬಾಲಕಿಯರು ಅಸುನೀಗಿದರು. ಯಾವ ಇಳಿಜಾರು ಎಷ್ಟು ಕಡಿದು, ನೀರು ಯಾವ ಕಡೆ ಹರಿಯುತ್ತದೆ, ಮಣ್ಣು ಕಡಿದ ಜಾಗದ ಕೆಳಗೆ ಯಾರ ಮನೆಯಿದೆ ಎಂಬ ನಕ್ಷೆಯನ್ನು ಊರಿನವರೇ ತಯಾರಿಸಬಲ್ಲರು. ಉಚಿತ ತಂತ್ರಾಂಶವಾದ ಕ್ಯೂಜಿಐಎಸ್ ಇದೆ, ಇಸ್ರೋ 2009ರಲ್ಲಿ ಆರಂಭಿಸಿದ ‘ಭುವನ್’ ಜಾಲತಾಣದ ದತ್ತಾಂಶವಿದೆ. ಅಂಥ ನಕ್ಷೆ ತಜ್ಞರ ಸಮೀಕ್ಷೆಗೆ ಬದಲಿಯಾಗದಿದ್ದರೂ, ತಜ್ಞರನ್ನು ಎಲ್ಲಿಗೆ ಕರೆಸಬೇಕೆಂದು ತಿಳಿಸುತ್ತದೆ. ಸಂಪಾಜೆ, ಅರಂತೋಡು ಭಾಗದ ತೋಟಗಳನ್ನು ದಶಕಗಳಿಂದ ಕಾಡಿದ ಹಳದಿ ಎಲೆ ರೋಗ, ಈಚೆಗೆ ಹಬ್ಬಿದ ಎಲೆಚುಕ್ಕಿ ರೋಗ ಇವುಗಳ ಹರಡುವಿಕೆಯನ್ನೂ ಹೀಗೆಯೇ ಗುರುತಿಸಬಹುದು. ಸಾಮಾನ್ಯ ನಕ್ಷೆಗೆ ಹಳೆಯ ಯಂತ್ರವೇ ಸಾಕು. ಗುಡ್ಡದ ಮೂರು ಆಯಾಮದ ಚಿತ್ರ, ಡ್ರೋನ್ ಚಿತ್ರಗಳ ಜೋಡಣೆ, ರೋಗಪೀಡಿತ ಎಲೆಗಳನ್ನು ಗುರುತಿಸಲು ಯಂತ್ರಕ್ಕೆ ಕಲಿಸುವ ಕೆಲಸ ಇವಕ್ಕೆ ಗ್ರಾಫಿಕ್ಸ್ ಕಾರ್ಡಿನ ಬಲ ಬೇಕು.

ಕೊರತೆ ಇರುವುದು ಇಲ್ಲಿಯೇ. ಹಳೆಯ ಕಾರ್ಡಿನ ಶಕ್ತಿ ಸಾಲದು. ಹೊಸ ಕಾರ್ಡಿಗೆ ವಿದ್ಯುತ್ ಒದಗಿಸಲು ಹಳೆಯ ಎಸ್‌ಎಂಪಿಎಸ್‌ಗೆ, ಅಂದರೆ ಪವರ್ ಸಪ್ಲೈ ಪೆಟ್ಟಿಗೆಗೆ, ಸಾಮರ್ಥ್ಯ ಸಾಲದು. ಬದಲಿಸಬೇಕಾದವು ಈ ಎರಡೇ.

ಲೆಕ್ಕ ಸರಳವಾಗಿದೆ. ಪ್ರೊಸೆಸರ್‌ಗೆ 130 ವ್ಯಾಟ್, ಮಧ್ಯಮ ದರ್ಜೆಯ ಕಾರ್ಡಿಗೆ 120, ಮದರ್‌ಬೋರ್ಡ್, ಡಿಸ್ಕ್, ಫ್ಯಾನುಗಳಿಗೆಲ್ಲ 80 ಎಂದು ಹಿಡಿದರೆ ಒಟ್ಟು 330 ವ್ಯಾಟ್. ಉಸಿರಾಡಲು ಜಾಗ ಬಿಟ್ಟು 450ರಿಂದ 550 ವ್ಯಾಟಿನದನ್ನು ಆರಿಸುವುದು ವಿವೇಕ. ಆದರೆ ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿಯನ್ನು ನಂಬಬಾರದು. ಪ್ರೊಸೆಸರ್ ಮತ್ತು ಕಾರ್ಡು ಬಹುಪಾಲು ವಿದ್ಯುತ್ತನ್ನು ಎಳೆಯುವುದು 12 ವೋಲ್ಟಿನ ಸಾಲಿನಿಂದ. ಚೀಟಿಯಲ್ಲಿ ಆ ಸಾಲಿಗೆ 20 ಆಂಪಿಯರ್ ಎಂದಿದ್ದರೆ ಅದರಿಂದ ದೊರೆಯುವುದು 240 ವ್ಯಾಟ್ ಮಾತ್ರ, ಮೇಲೆ 450 ಎಂದು ಬರೆದಿದ್ದರೂ ಸರಿಯೆ.

ಕಾರ್ಡಿನ ವಿಷಯದಲ್ಲಿಯೂ ಮೂರು ಮಾತು. ಮದರ್‌ಬೋರ್ಡಿನ ಸ್ಲಾಟ್ ಒದಗಿಸುವುದು ಹೆಚ್ಚೆಂದರೆ 75 ವ್ಯಾಟ್. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ ಪ್ರತ್ಯೇಕ ವಯರು ಬೇಕು. ಆರು ಪಿನ್ನಿನದು 75, ಎಂಟು ಪಿನ್ನಿನದು 150 ವ್ಯಾಟಿನವರೆಗೆ ಕೊಡುತ್ತದೆ. ಹಾಗಾಗಿ 75 ವ್ಯಾಟಿನೊಳಗಿನ ಕಾರ್ಡೇ ಸಾಕೆನಿಸಿದರೆ ಎಸ್‌ಎಂಪಿಎಸ್ ಬದಲಿಸುವ ಪ್ರಮೇಯವೇ ಬಾರದಿರಬಹುದು. ಎರಡನೆಯದಾಗಿ, ಹೊಸ ಕಾರ್ಡು ಹಳೆಯ ಸ್ಲಾಟಿನಲ್ಲಿ ಸಾಮಾನ್ಯವಾಗಿ ಕೆಲಸ ಮಾಡುವುದಾದರೂ ಹಳೆಯ ಬಯಾಸ್ ಕೆಲವು ಕಾರ್ಡುಗಳನ್ನು ಒಪ್ಪಿಕೊಳ್ಳುವುದಿಲ್ಲ. ಮೂರನೆಯದಾಗಿ, ಕ್ಯಾಬಿನೆಟ್ಟಿನೊಳಗಿನ ಉದ್ದವನ್ನು ಅಳೆದೇ ಕಾರ್ಡು ತರಬೇಕು. ಕೆಲವು ದೊಡ್ಡ ಕಂಪನಿಗಳ ವರ್ಕ್‌ಸ್ಟೇಷನ್‌ಗಳಲ್ಲಿ ಎಸ್‌ಎಂಪಿಎಸ್‌ನ ಆಕಾರ, ಪಿನ್ನುಗಳ ಜೋಡಣೆ ಎರಡೂ ಬೇರೆ. ಪೇಟೆಯ ಸಾಮಾನ್ಯ ಪೆಟ್ಟಿಗೆಯನ್ನು ಅದಕ್ಕೆ ಸಿಕ್ಕಿಸಲು ಹೋದರೆ ಮದರ್‌ಬೋರ್ಡೇ ಸುಡಬಹುದು. ಬಳಕೆದಾರನನ್ನು ಕಟ್ಟಿಹಾಕುವ ಇಂಥ ವಿನ್ಯಾಸವೂ ತ್ಯಾಜ್ಯವನ್ನು ಹುಟ್ಟಿಸುತ್ತದೆ ಎಂಬುದನ್ನು ಗಟ್ಟಿಯಾಗಿ ಹೇಳಲೇಬೇಕು.

ಹಳ್ಳಿಯ ವಿದ್ಯುತ್ತಿನ ಸ್ವಭಾವವನ್ನೂ ಮರೆಯುವಂತಿಲ್ಲ. ಬೇಸಗೆಯಲ್ಲಿ ಪಂಪುಗಳೆಲ್ಲ ಒಟ್ಟಿಗೆ ತಿರುಗುವಾಗ ವೋಲ್ಟೇಜ್ ಕುಸಿಯುತ್ತದೆ. 100ರಿಂದ 240 ವೋಲ್ಟಿನವರೆಗೆ ಸಹಿಸುವ ಎಸ್‌ಎಂಪಿಎಸ್ ಇಂಥಲ್ಲಿ ಹೆಚ್ಚು ಬಾಳುತ್ತದೆ. ಆದರೆ ಅಂಥವುಗಳಲ್ಲಿ ಕೆಲವು ಅಗ್ಗದ ಯುಪಿಎಸ್‌ಗಳೊಂದಿಗೆ ಹೊಂದುವುದಿಲ್ಲವಾದ್ದರಿಂದ ಜೋಡಿಸಿ ಪರೀಕ್ಷಿಸಿಯೇ ಕೊಳ್ಳಬೇಕು. ಮುಂಗಾರುಪೂರ್ವದ ಸಿಡಿಲಿಗೆ ಒಳ್ಳೆಯ ಅರ್ತಿಂಗ್ ಬೇಕು. ಗುಡುಗು ಕೇಳಿದೊಡನೆ ಪ್ಲಗ್ ಕಿತ್ತಿಡುವ ಅಭ್ಯಾಸ ಅದಕ್ಕಿಂತಲೂ ಮೇಲು. ಮತ್ತೊಂದು ಎಚ್ಚರಿಕೆ: ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಇಡಿಯಾಗಿ ಬದಲಿಸಬೇಕೇ ಹೊರತು ಬಿಚ್ಚಬಾರದು. ಪ್ಲಗ್ ಕಿತ್ತ ಬಳಿಕವೂ ಅದರೊಳಗಿನ ಕೆಪಾಸಿಟರ್‌ಗಳಲ್ಲಿ ಪ್ರಾಣಾಂತಿಕ ವಿದ್ಯುತ್ ಉಳಿದಿರುತ್ತದೆ.

ಹಳತೆಲ್ಲವನ್ನೂ ಉಳಿಸಬೇಕೆಂಬುದು ಇಲ್ಲಿಯ ವಾದವಲ್ಲ. ಹಳೆಯ ಯಂತ್ರ ವಿದ್ಯುತ್ತನ್ನು ಹೆಚ್ಚು ಕುಡಿಯುತ್ತದೆ ಎಂಬ ಆಕ್ಷೇಪದಲ್ಲಿ ಸತ್ಯಾಂಶವಿದೆ. ಆದರೆ ಆ ವ್ಯಯದ ಒಂದು ಪಾಲು ಎಸ್‌ಎಂಪಿಎಸ್‌ನಲ್ಲಿಯೇ ಇದೆ. ಒಳಗಿನ ಭಾಗಗಳಿಗೆ 200 ವ್ಯಾಟ್ ಬೇಕಾದಾಗ ಶೇಕಡಾ 70 ದಕ್ಷತೆಯ ಪೆಟ್ಟಿಗೆ ಗೋಡೆಯಿಂದ 286 ವ್ಯಾಟ್ ಎಳೆದರೆ, ಶೇಕಡಾ 85 ದಕ್ಷತೆಯದು 235 ಎಳೆಯುತ್ತದೆ. ದಿನಕ್ಕೆ ಆರು ಗಂಟೆಯಂತೆ ವರ್ಷದಲ್ಲಿ 300 ದಿನ ನಡೆಸಿದರೆ ಸುಮಾರು 90 ಯೂನಿಟ್ ಉಳಿತಾಯ. ಕೇವಲ ಪತ್ರ ಬರೆಯಲು, ಲೆಕ್ಕ ಇಡಲು ವರ್ಕ್‌ಸ್ಟೇಷನ್ ಬೇಡವೇ ಬೇಡ. ಮದರ್‌ಬೋರ್ಡೇ ಕೆಟ್ಟ ಯಂತ್ರಕ್ಕೆ ಹಣ ಸುರಿಯುವುದೂ ಜಾಣತನವಲ್ಲ. ಅಂಥದನ್ನು ಗುಜರಿಯ ರಾಶಿಗಲ್ಲ, ನೋಂದಾಯಿತ ಮರುಬಳಕೆದಾರರಿಗೇ ತಲುಪಿಸಬೇಕು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಆಶಯವೂ ಅದೇ.

1988ರಲ್ಲಿ ಪುತ್ತೂರಿನಿಂದ ಹೊರಡಲಾರಂಭಿಸಿದ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ಒಬ್ಬನ ತೋಟದ ಅನುಭವ ನೂರು ತೋಟಗಳಿಗೆ ಪಾಠವಾಯಿತು. ದುರಸ್ತಿಯ ಅರಿವೂ ಹಾಗೆಯೇ ಹಂಚಿಕೆಯಾಗಬೇಕು. ಪುತ್ತೂರು, ಸುಳ್ಯಗಳಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ; ಅಲ್ಲಿಯ ವಿದ್ಯಾರ್ಥಿಗಳ ಕೈಗೆ ಸ್ಕ್ರೂಡ್ರೈವರ್ ಬರಲಿ. ಕಡಬದ ಹಳ್ಳಿಶಾಲೆಗಳ ಮೂಲೆಯಲ್ಲಿ ಧೂಳು ಹಿಡಿದ ಯಂತ್ರವಿದ್ದರೆ ಅದರ ಮುಚ್ಚಳ ಒಮ್ಮೆ ತೆರೆಯಲಿ. ಯಾವುದಕ್ಕೆ ಏನು ಕೊರತೆ ಎಂಬ ಪಟ್ಟಿಯೊಂದನ್ನು ಪ್ರತಿ ಗ್ರಾಮವೂ ಪತ್ತನಾಜೆಗೆ ಮುನ್ನ ಮಾಡಿಕೊಂಡರೆ, ಆಟಿಯ ಮಳೆ ಹಿಡಿಯುವ ಹೊತ್ತಿಗೆ ಗುಡ್ಡದ ನಕ್ಷೆ ಊರಿನವರ ಕೈಯಲ್ಲಿರುತ್ತದೆ.